ಪಿಕಪ್ ಗಾಡಿಯ ಹೆಡ್‌ಲೈಟು: ಬಲ್ಬು ಬದಲಿಸುವ ಮುನ್ನ



ನಮ್ಮ ಕಸುಬಿನ ಗಾಡಿ ಓಡುವುದೇ ಕತ್ತಲೆಯಲ್ಲಿ. ಡೊಂಬಿವಲಿ, ಕಲ್ಯಾಣದಿಂದ ವಾಶಿಯ ಎ.ಪಿ.ಎಂ.ಸಿ. ತರಕಾರಿ ಮಾರುಕಟ್ಟೆಗೆ ಹೋಗುವವರು ಕೋಳಿ ಕೂಗುವ ಮೊದಲೇ ಹೊರಡಬೇಕು. ಮದುವೆಯ ಆರ್ಡರು ಮುಗಿಸಿ ಪಾತ್ರೆ ಪಗಡಿ ಹೇರಿಕೊಂಡು ಬರುವಾಗ ಮಧ್ಯರಾತ್ರಿ ದಾಟಿರುತ್ತದೆ. ಹೀಗಿದ್ದರೂ ಹೆಡ್‌ಲೈಟು ಡ್ರೈವರನ ತಲೆನೋವು ಎಂದು ನಾವು ಬಹಳ ವರ್ಷ ಸುಮ್ಮನಿದ್ದೆವು.

ನಮ್ಮ ಪಿಕಪ್ಪಿನ ಎಡಗಡೆಯ ದೀಪ ಒಂದು ಮಳೆಗಾಲದಲ್ಲಿ ಆಗಾಗ ಆರುತ್ತಿತ್ತು. ಡ್ರೈವರ್ ಇಳಿದು ಅಂಗೈಯಿಂದ ಒಂದು ಪೆಟ್ಟು ಕೊಟ್ಟರೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಗ್ಯಾರೇಜಿನವರು ಎರಡು ಸಲ ಬಲ್ಬು, ಒಂದು ಸಲ ಫ್ಯೂಸು ಬದಲಿಸಿ ಹಣ ತೆಗೆದುಕೊಂಡರು. ಒಂದು ದಿನ ಬೆಳಗಿನ ಜಾವ ಮೂರೂವರೆಗೆ ಕಲ್ಯಾಣ-ಶಿಳ್ ರಸ್ತೆಯಲ್ಲಿ ಅದೇ ದೀಪ ಆರಿತು. ರಸ್ತೆಯ ಎಡ ಅಂಚಿನಲ್ಲಿ ನಿಂತಿದ್ದ ಕೈಗಾಡಿ ಕಾಣಿಸಲೇ ಇಲ್ಲ. ಬ್ರೇಕು ಹಾಕಿದ್ದರಿಂದ ಕೈಗಾಡಿಯವನು ಉಳಿದ. ಆದರೆ ಪಕ್ಕದಲ್ಲಿ ಕುಳಿತಿದ್ದ ನಮ್ಮ ಅಡುಗೆಮನೆ ಹುಡುಗನ ಹಣೆ ಒಡೆದು ನಾಲ್ಕು ಹೊಲಿಗೆ ಬಿದ್ದವು. ಬದಲಿಸಬೇಕಾಗಿದ್ದದ್ದು ಒಂದು ಇಡ್ಲಿ-ವಡಾ ಪ್ಲೇಟಿನ ಬೆಲೆಯ ಸಾಮಾನು ಎಂದು ಆಮೇಲೆ ತಿಳಿಯಿತು.

ಪೆಟ್ಟು ಕೊಟ್ಟರೆ ಉರಿಯುವ ದೀಪದಲ್ಲಿ ಹೆಚ್ಚಾಗಿ ಬಲ್ಬಿನ ದೋಷ ಇರುವುದಿಲ್ಲ, ಜೋಡಣೆಯ ದೋಷ ಇರುತ್ತದೆ. ಹ್ಯಾಲೋಜನ್ ದೀಪವಿರುವ ಹೆಚ್ಚಿನ ಪಿಕಪ್ಪುಗಳಲ್ಲಿ ಎಚ್-4 ಎಂಬ ಬಲ್ಬು ಇರುತ್ತದೆ. 12 ವೋಲ್ಟ್, 60/55 ವ್ಯಾಟ್. ಅದರ ಹಿಂದೆ ಮೂರು ಪಿನ್ನುಗಳು: ಒಂದು ಹೈಬೀಮಿಗೆ, ಒಂದು ಲೋಬೀಮಿಗೆ, ಇನ್ನೊಂದು ಎರಡಕ್ಕೂ ಸೇರಿದ್ದು. ಈ ಮೂರಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಕಪ್ಲರಿನಲ್ಲೇ ರೋಗ.

ಮೊದಲು ಖರ್ಚಿಲ್ಲದ ಪರೀಕ್ಷೆ ಮಾಡಿ. ಎಡ ಬಲ ಬಲ್ಬುಗಳನ್ನು ಅದಲು ಬದಲು ಮಾಡಿ. ದೋಷ ಬಲ್ಬಿನ ಜೊತೆ ಬಲಕ್ಕೆ ಹೋದರೆ ಬಲ್ಬು ಕೆಟ್ಟಿದೆ. ಎಡದಲ್ಲೇ ಉಳಿದರೆ ಬಲ್ಬಿಗೆ ಹಣ ಹಾಕಬೇಡಿ. ಬಲ್ಬಿನ ಗಾಜನ್ನು ಮಾತ್ರ ಮುಟ್ಟಬಾರದು. ನಮ್ಮವರ ಕೈಯಲ್ಲಿ ಎಣ್ಣೆ ಜಿಡ್ಡು ಇರುವುದೇ ಜಾಸ್ತಿ, ಅದು ತಗಲಿದ ಜಾಗ ವಿಪರೀತ ಕಾದು ಬಲ್ಬು ಬೇಗ ಹೋಗುತ್ತದೆ.

ಆಮೇಲೆ ಕಪ್ಲರನ್ನು ಎಳೆದು ಬೆಳಕಿನಲ್ಲಿ ನೋಡಿ. ಕಂದು ಬಣ್ಣಕ್ಕೆ ತಿರುಗಿದೆಯೇ, ಕರಗಿದೆಯೇ, ಒಳಗಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆಯೇ? ಇಲ್ಲಿಯ ಮಳೆ, ಖಾಡಿಯ ಉಪ್ಪುಗಾಳಿ, ಅದರ ಮೇಲೆ ನಮ್ಮ ಹುಡುಗರು ಗಾಡಿ ತೊಳೆಯುವಾಗ ಸುರಿಯುವ ಬಕೆಟ್ ನೀರು, ಎಲ್ಲವೂ ಅಲ್ಲಿಗೆ ಸೇರುತ್ತದೆ. ಕಿಲುಬು ಹಿಡಿದ ಕಡೆ ಕರೆಂಟಿಗೆ ತಡೆ, ತಡೆಯಿದ್ದಲ್ಲಿ ಬಿಸಿ. ಬಿಸಿಗೆ ಪಿನ್ನು ಸಡಿಲಾಗುತ್ತದೆ, ಸಡಿಲಾದಷ್ಟೂ ಇನ್ನೂ ಬಿಸಿ.

ನಮ್ಮ ಗಾಡಿಯಲ್ಲಿ ಆದದ್ದು ಇದೇ, ಮತ್ತು ತಪ್ಪು ನಮ್ಮದೇ. ಬೆಳಕು ಸಾಲದೆಂದು 100/90 ವ್ಯಾಟಿನ ಬಲ್ಬು ಹಾಕಿಸಿದ್ದೆವು. 60 ವ್ಯಾಟಿಗೆ 5 ಆಂಪಿಯರ್ ಸಾಕು, 100 ವ್ಯಾಟಿಗೆ 8 ಚಿಲ್ಲರೆ ಬೇಕು. ಅದೇ ವಾಯರಿನಲ್ಲಿ ಹುಟ್ಟುವ ಬಿಸಿ ಎರಡೂವರೆ ಪಟ್ಟು ಮೀರುತ್ತದೆ. ಮಿಕ್ಸಿಯ ಪ್ಲಗ್ಗಿಗೆ ದೊಡ್ಡ ಗ್ರೈಂಡರ್ ಸಿಕ್ಕಿಸಿದ ಹಾಗೆ.

ಕಪ್ಲರು ಚೆನ್ನಾಗಿ ಕಂಡರೆ ಅರ್ಥಿಂಗ್ ನೋಡಿ. ಎರಡೂ ದೀಪ ಮಂಕಾಗಿದ್ದರೆ, ಅಥವಾ ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟೂ ಕಣ್ಣು ಮಿಟುಕಿಸಿದರೆ ಮೊದಲ ಅನುಮಾನ ಇದರ ಮೇಲೆ. ಬಾಡಿಗೆ ಬೋಲ್ಟ್ ಮಾಡಿದ ವಾಯರನ್ನು ಬಿಚ್ಚಿ, ಕೆಳಗಿನ ತುಕ್ಕು, ಬಣ್ಣವನ್ನು ಪಾಲಿಶ್ ಕಾಗದದಿಂದ ಉಜ್ಜಿ, ಬಿಗಿಯಾಗಿ ಕೂಡಿಸಿ, ಮೇಲೆ ಗ್ರೀಸು ಹಚ್ಚಬೇಕು. ನಮ್ಮ ಗಾಡಿಯಲ್ಲಿ ಇದೂ ಸಡಿಲವಿತ್ತು.

ಗ್ಯಾರೇಜಿನವರು ಟೆಸ್ಟ್ ಲ್ಯಾಂಪ್ ಇಟ್ಟು "ಕರೆಂಟ್ ಬರ್ತಾ ಇದೆ ಸೇಠ್" ಎಂದರೆ ಅಷ್ಟಕ್ಕೇ ಒಪ್ಪಬೇಡಿ. ಆ ಪುಟ್ಟ ದೀಪ ಒಂದೇ ಎಳೆ ತಂತಿ ಉಳಿದಿದ್ದರೂ ಉರಿಯುತ್ತದೆ, ಹೆಡ್‌ಲೈಟಿಗೆ ಅದು ಸಾಲದು. ಹೆಡ್‌ಲೈಟು ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಕಪ್ಲರಿನ ಅರ್ಥ್ ಪಿನ್ನಿಗೆ ಹಿಡಿಯಲು ಹೇಳಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ. (ಕೆಲವು ಗಾಡಿಗಳಲ್ಲಿ ಸ್ವಿಚ್ಚು ಅರ್ಥ್ ಕಡೆಗಿರುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಿ.) ಬಲ್ಬಿಗೆ ಸಿಗುವ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಇಳಿದರೂ ಹ್ಯಾಲೋಜನ್ ಬೆಳಕು ಸುಮಾರು ಹತ್ತರಲ್ಲಿ ಮೂರು ಪಾಲು ಇಳಿಯುತ್ತದೆ.

ಕರಗಿದ ಕಪ್ಲರಿನ ಬದಲು ಸಿರಾಮಿಕ್ಕಿನದು ಹಾಕಿಸಿ. ವಾಯರುಗಳನ್ನು ಹುರಿಮಾಡಿ ಟೇಪು ಸುತ್ತಿದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಸರಿಯಾಗಿ ಕ್ರಿಂಪ್ ಮಾಡಿ ಮೇಲೆ ಸ್ಲೀವ್ ಹಾಕಬೇಕು. ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿಯನ್ನೋ ಸಿಗರೇಟಿನ ಬೇಗಡೆಯನ್ನೋ ತುರುಕುವ ಡ್ರೈವರನ್ನು ಅಲ್ಲೇ ತಡೆಯಿರಿ. ಹಿಂದೆ ಗ್ಯಾಸ್ ಸಿಲಿಂಡರ್ ಹೇರಿದ ಗಾಡಿಯಲ್ಲಿ ವಾಯರು ಹೊತ್ತಿಕೊಂಡರೆ ಏನಾದೀತೆಂದು ನಾವು ಹೇಳಬೇಕಾಗಿಲ್ಲ. ಹೆಚ್ಚು ಬೆಳಕು ಬೇಕೆನ್ನುವವರು 60/55ರ ಬಲ್ಬನ್ನೇ ಇಟ್ಟುಕೊಂಡು ರಿಲೇ ಮತ್ತು ದಪ್ಪ ವಾಯರು ಹಾಕಿಸಲಿ. ಎಲ್ಇಡಿ ದೀಪದೊಂದಿಗೇ ಬರುವ ಹೊಸ ಗಾಡಿಗಳ ಲೆಕ್ಕ ಬೇರೆ, ಅದನ್ನು ಕಂಪೆನಿಯ ವರ್ಕ್‌ಶಾಪಿನಲ್ಲೇ ತೋರಿಸುವುದು ಒಳ್ಳೆಯದು.

ಈಗ ಪ್ರತಿ ಶನಿವಾರ ರಾತ್ರಿ ಗಲ್ಲಾ ಲೆಕ್ಕ ಮುಗಿದ ಮೇಲೆ ನಮ್ಮ ಗಾಡಿಯನ್ನು ಹಿತ್ತಲಿನ ಗೋಡೆಗೆ ಮುಖಮಾಡಿ ನಿಲ್ಲಿಸುತ್ತೇವೆ. ಗೋಡೆಯ ಮೇಲೆ ಎರಡು ಬೆಳಕು ಒಂದೇ ಬಣ್ಣದಲ್ಲಿ, ಒಂದೇ ಎತ್ತರದಲ್ಲಿ ಬೀಳಬೇಕು. ನೋಡುವ ಕೆಲಸ ಹಣೆಗೆ ಹೊಲಿಗೆ ಬಿದ್ದ ಆ ಹುಡುಗನದ್ದೇ. ಅವನು ಸರಿ ಎಂದ ಮೇಲೆಯೇ ಡ್ರೈವರನ ಕೈಗೆ ಚಾವಿ.