ಮೋಟಾರಿನ ತಲೆನೋವು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಗೃಹಿಣಿಯರಿಗೆ ಬಚ್ಚಲುಮನೆಯ ಹಂಡೆಯೊಳಗೆ ಕಟ್ಟುವ ಬಿಳಿಯ ಹಕ್ಕಳೆಯ ಪರಿಚಯ ಚೆನ್ನಾಗಿಯೇ ಉಂಟು. ಕೊಳವೆಬಾವಿಯ ಗಡಸು ನೀರಿನಲ್ಲಿ ಕರಗಿರುವ ಸುಣ್ಣದ ಅಂಶವು ಕಾಯಿಸಿದಾಗ ಬೇರ್ಪಟ್ಟು ಪಾತ್ರೆಯ ಮೈಗೆ ಅಂಟಿಕೊಳ್ಳುತ್ತದೆ. ಅದೇ ನೀರನ್ನು ಯಜಮಾನರು ಕಾರಿನ ರೇಡಿಯೇಟರಿಗೆ ಸುರಿದರೆ ಅಲ್ಲಿಯೂ ಅದೇ ಹಕ್ಕಳೆ ಕಟ್ಟುವುದೆಂಬ ಸಂಗತಿ ಮಾತ್ರ ಅನೇಕರಿಗೆ ಹೊಳೆಯುವುದಿಲ್ಲ. ಪಾವಗಡದ ನೀರಿನ ಫ್ಲೋರೈಡು ಮನುಷ್ಯರ ಹಲ್ಲು ಮೂಳೆಗಳ ಶತ್ರು. ಎಂಜಿನಿನ ಶತ್ರು ಈ ಗಡಸುತನ.

ಎಂಜಿನಿನ ಮೇಲೆ ಮುಚ್ಚಳದಂತೆ ಕುಳಿತ ಲೋಹದ ದಿಮ್ಮಿಯೇ ಸಿಲಿಂಡರ್ ಹೆಡ್. ಪೆಟ್ರೋಲು ಉರಿಯುವುದು ಅದರ ಅಡಿಯಲ್ಲಿ. ತಣಿಸುವ ನೀರು ಹರಿಯುವುದು ಅದರ ಒಡಲಿನಲ್ಲಿ. ಬೆಂಕಿಯೂ ನೀರೂ ಬೆರೆಯದಂತೆ ಕಾಯುವುದು ತೆಳುವಾದ ಒಂದು ಗ್ಯಾಸ್ಕೆಟ್. ಹಿಂದಿನ ಅಂಬಾಸಿಡರಿನ ಹೆಡ್ ಎರಕದ ಕಬ್ಬಿಣದ್ದು. ದಾರಿಯಲ್ಲಿ ಹಬೆಯೆದ್ದರೆ ಚಾಲಕನು ಬದಿಯ ಬಾವಿಯಿಂದ ಒಂದು ಕೊಡ ನೀರು ತಂದು ಸುರಿದು ಮುಂದೆ ಸಾಗುತ್ತಿದ್ದನು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ 796 ಸಿ.ಸಿ. ಎಂಜಿನಿನ ಹೆಡ್ ಅಲ್ಯೂಮಿನಿಯಮ್ಮಿನದು. ಕಾದಾಗ ಇದು ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೋಲ್ಟುಗಳ ಬಿಗಿತದಲ್ಲಿ ಹಿಗ್ಗಲು ಎಡೆಯಿಲ್ಲದೆ ಬಾಗುತ್ತದೆ. ಎರಡು ಕಾರುಗಳ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಕೊಡದ ಅಭ್ಯಾಸ ಇನ್ನೂ ನಿಂತಿಲ್ಲ.

ಎಲ್ಲಿಯೂ ಸೋರದೆ ರೇಡಿಯೇಟರಿನ ನೀರು ಇಳಿಯುತ್ತಿದ್ದರೆ, ಎಂಜಿನು ಕಾದ ಮೇಲೂ ಹೊಗೆಕೊಳವೆಯಿಂದ ಬೆಳ್ಳನೆಯ ಹಬೆ ಬರುತ್ತಲೇ ಇದ್ದರೆ, ಎಣ್ಣೆ ಅಳೆಯುವ ಕಡ್ಡಿಗೆ ಹಾಲು ಹೆಚ್ಚಾದ ಕಾಫಿಯ ಬಣ್ಣ ಹತ್ತಿದ್ದರೆ, ಹೆಡ್ಡನ್ನು ಬಿಚ್ಚಿ ನೋಡುವುದೇ ಲೇಸು. ಅಕ್ಷರಗಳ ತಲೆಕಟ್ಟು ತಿದ್ದುವ ಕನ್ನಡದ ಮೇಷ್ಟರಿಗೆ ಈ ತಲೆಯ ಉಸಾಬರಿ ಏಕೆಂದು ಕೇಳುವವರುಂಟು. ತಾಳ್ಮೆಯುಳ್ಳ ಯಾರಾದರೂ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಇದು.

ಎಂಜಿನು ಪೂರ್ತಿ ತಣ್ಣಗಾಗಿರಬೇಕು. ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದರೆ ಮುಖ ಸುಟ್ಟೀತು. ಬ್ಯಾಟರಿಯ ತಂತಿ ಕಳಚಿ, ನೀರು ಇಳಿಸಿ, ಟೈಮಿಂಗ್ ಬೆಲ್ಟಿನ ಗುರುತುಗಳನ್ನು ಬರೆದಿಟ್ಟುಕೊಳ್ಳಬೇಕು. ಹೆಡ್ಡಿನ ಬೋಲ್ಟುಗಳನ್ನು ಹೊರಗಿನಿಂದ ನಡುವಿನತ್ತ ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಅವಸರದಿಂದ ಒಂದೇ ಕಡೆ ಬಿಚ್ಚಿದರೆ ನೆಟ್ಟಗಿದ್ದ ಹೆಡ್ಡೂ ಬಾಗೀತು. ಹೊರತೆಗೆದ ಮೇಲೆ ಅಡಿಯ ಮುಖವನ್ನು ಗೀರು ಬೀಳದಂತೆ ಶುಚಿಮಾಡಿ, ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಅದರ ಕೆಳಗೆ ಫೀಲರ್ ಗೇಜಿನ ಎಲೆ ನುಸುಳುವುದೇ ಎಂದು ನೋಡಬೇಕು. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಒಪ್ಪುವ ಮಿತಿ 0.05 ಮಿಲಿಮೀಟರು, ಎಂದರೆ ಬರೆಯುವ ಕಾಗದದ ಅರ್ಧ ದಪ್ಪ! ನಿಮ್ಮ ಕಾರಿನ ಕೈಪಿಡಿ ಹೇಳುವುದೇ ಅಂತಿಮ. ಬಳಿಕ ಹೆಡ್ಡನ್ನು ಬೋರಲಾಗಿಸಿ, ಪ್ಲಗ್ಗುಗಳನ್ನು ಬಿಗಿದು, ವಾಲ್ವುಗಳ ಮೇಲಿನ ಗುಳಿಗಳಿಗೆ ಸೀಮೆಎಣ್ಣೆ ತುಂಬಿರಿ. (ಅದು ಈಗ ದುರ್ಲಭ, ಡೀಸೆಲ್ ಆದರೂ ಆದೀತು.) ಪಕ್ಕದ ರಂಧ್ರಗಳಿಂದ ಅದು ಜಿನುಗಿದರೆ ಆ ವಾಲ್ವು ಸರಿಯಾಗಿ ಕೂರುತ್ತಿಲ್ಲ; ಅರೆಯುವ ಪೇಸ್ಟು ಹಚ್ಚಿ ಕೈಯಿಂದಲೇ ಉಜ್ಜಿ ಕೂರಿಸಬಹುದು. ವಾಲ್ವಿನ ಪೀಠಗಳ ನಡುವೆ ಕೂದಲೆಳೆಯಂಥ ಬಿರುಕಿದೆಯೇ ಎಂದೂ ನೋಡಿರಿ.

ಬಾಗಿದ ಹೆಡ್ಡನ್ನು ಗಾಜಿನ ಮೇಲೆ ಉಪ್ಪುಕಾಗದ ಹಾಸಿ ತಿಕ್ಕಿ ಸರಿಪಡಿಸುತ್ತೇವೆನ್ನುವ ಶೂರರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಕೈಯ ಒತ್ತಡ ಎಲ್ಲೆಡೆಯೂ ಸಮನಾಗಿರದು. ಅಂಚುಗಳು ಸವೆದು ರೋಗ ಉಲ್ಬಣಿಸೀತು. ಅಳತೆ ಬರೆದ ಚೀಟಿಯೊಡನೆ ಹೆಡ್ಡನ್ನು ಯಂತ್ರದ ಕಾರ್ಖಾನೆಗೆ ಒಯ್ಯಿರಿ. ಬಿರುಕಿನ ಸಂಶಯವಿದ್ದರೆ ಒತ್ತಡದ ಪರೀಕ್ಷೆಯನ್ನೂ ಮಾಡಿಸಿರಿ. ಎಷ್ಟು ಬಾಗಿದೆಯೆಂದು ತಿಳಿದು ಹೋದವನ ಮುಂದೆ, ಹೆಡ್ಡನ್ನೇ ಬದಲಾಯಿಸಬೇಕೆಂಬ ಮಾತು ಸುಲಭವಾಗಿ ನಡೆಯದು.

ಮರಳಿ ಜೋಡಿಸುವಾಗ ಗ್ಯಾಸ್ಕೆಟ್ ಹೊಸದೇ ಆಗಬೇಕು. ಬೋಲ್ಟುಗಳ ಬಿಗಿತ ಈಗ ನಡುವಿನಿಂದ ಹೊರಗೆ, ಎರಡು ಮೂರು ಸುತ್ತುಗಳಲ್ಲಿ, ಟಾರ್ಕ್ ರೆಂಚಿನಿಂದ. ರೇಡಿಯೇಟರನ್ನು ತೊಳೆಸಿ, ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆಂದು ಮಾರುವ ಲವಣರಹಿತ ನೀರನ್ನೇ ಕೂಲಂಟಿನೊಡನೆ ಬೆರೆಸಿ ತುಂಬಿರಿ. ಅಂಥ ಒಂದು ಡಬ್ಬಿ ಕಾರಿನಲ್ಲಿ ಸದಾ ಇರಲಿ. ಪಾವಗಡದ ಬಿಸಿಲಿನಲ್ಲಿ ಗಾಡಿ ನಿಂತಾಗ ಕೊಡ ಹಿಡಿದು ಬಾವಿ ಹುಡುಕುವುದು ತಪ್ಪೀತು.