ಹಳೆಯ ಗಾಡಿ, ಹೊಸ ಯಜಮಾನ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತನನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತಾರೆ. ಕೊಂಬಿಗೆ ಕಟ್ಟಿದ ಬಣ್ಣದ ಕುಚ್ಚಿಗಾಗಲಿ, ಕೊರಳಿನ ಗೆಜ್ಜೆಗಾಗಲಿ ಆತ ಮರುಳಾಗುವವನಲ್ಲ. ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಮೈಮೇಲಿನ ಸುಳಿ ನೋಡುತ್ತಾನೆ. ಗೊರಸು ಎತ್ತಿಸಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ, ಕಾಲು ಎಳೆಯುವುದೇ ಎಂದು ಪರೀಕ್ಷಿಸುತ್ತಾನೆ. ಇದೆಲ್ಲ ಮುಗಿದ ಮೇಲೆಯೇ ಟವಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಬೆಲೆ ಹೇಳುವುದು.

ಅದೇ ರೈತನ ಮೊಮ್ಮಗ ಇಂದು ಏಳೆಂಟು ಲಕ್ಷ ರೂಪಾಯಿ ತೆತ್ತು ಹಳೆಯ ಮೋಟಾರು ಕೊಳ್ಳಹೊರಟಾಗ ಮಾಡುವುದೇನು? ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬರುತ್ತಾನೆ; ಬಣ್ಣದ ಹೊಳಪಿಗೆ ತಲೆದೂಗುತ್ತಾನೆ; ಒಳಗೆ ಕುಳಿತು ಹಾಡಿನ ಪೆಟ್ಟಿಗೆಯನ್ನು ಹಚ್ಚಿ ನೋಡುತ್ತಾನೆ; ಸಂಜೆಯೊಳಗೆ ಬಯಾನ ಕೊಟ್ಟು ಬರುತ್ತಾನೆ. ಅಜ್ಜನ ಎಚ್ಚರ ಮೊಮ್ಮಗನಿಗೆ ಬರಲಿಲ್ಲವಲ್ಲ ಎಂಬುದೇ ವಿಷಾದದ ಸಂಗತಿ. ಎತ್ತಿನ ವಯಸ್ಸನ್ನು ಹಲ್ಲು ಹೇಳುವಂತೆ, ಗಾಡಿಯ ವಯಸ್ಸನ್ನೂ ಬಾಳನ್ನೂ ಹೇಳುವ ಗುರುತುಗಳು ಅದರ ಮೈಮೇಲೆಯೇ ಇರುತ್ತವೆ. ನೋಡುವ ಕಣ್ಣು ಬೇಕು, ಕಾಯುವ ತಾಳ್ಮೆ ಬೇಕು.

ಉಪಾಧ್ಯಾಯರ ಸಂಸಾರ

ತುಮಕೂರಿನಂಥ ಊರಿನ ಒಬ್ಬ ಉಪಾಧ್ಯಾಯರ ಸಂಸಾರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗಂಡ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮಂಡಿನೋವಿನ ವೃದ್ಧ ತಾಯಿ. ಇದ್ದ ಸಣ್ಣ ಕಾರಿನ ತಗ್ಗು ಆಸನದಲ್ಲಿ ಕೂರುವುದೂ ಏಳುವುದೂ ಆ ತಾಯಿಗೆ ಯಾತನೆ. ಊರಿನ ಜಮೀನಿಗೆ ಹೋಗುವ ದಾರಿಯ ಗುಂಡಿಗಳಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ತಗಲುತ್ತದೆ. ನೆಲದಿಂದ ಎತ್ತರವಾಗಿ, ನೆಟ್ಟಗೆ ಕೂರುವಂತಿರುವ ಎಸ್.ಯು.ವಿ. ಜಾತಿಯ ಗಾಡಿಯೊಂದು ಬೇಕೆಂದು ಮನೆಯವರಿಗೆಲ್ಲ ಆಸೆ. ಹೊಸದನ್ನು ಕೊಳ್ಳುವಷ್ಟು ಹಣವಿಲ್ಲ. ಕೂಡಿಟ್ಟದ್ದು ನಾಲ್ಕು ಲಕ್ಷ, ಸಾಲ ಮೂರು ಲಕ್ಷ. ಅಷ್ಟರಲ್ಲಿಯೇ ವ್ಯವಹಾರ ಮುಗಿಯಬೇಕು.

ಇಂಥ ಸಂಸಾರಗಳು ನಾಡಿನಲ್ಲಿ ಅಸಂಖ್ಯ. ಇವರ ಪಾಲಿಗೆ ಗಾಡಿ ಮೋಜಿನ ವಸ್ತುವಲ್ಲ. ತಪ್ಪು ಗಾಡಿ ಮನೆಗೆ ಬಂದರೆ ಮಗಳ ಕಾಲೇಜಿನ ಶುಲ್ಕವೇ ಗ್ಯಾರೇಜಿನ ಪಾಲಾದೀತು.

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಎತ್ತರವಾಗಿ ಕಾಣುವ ಗಾಡಿಯೆಲ್ಲ ಮಲೆನಾಡಿನ ಹಳೆಯ ಜೀಪಲ್ಲ. 2006ರ ಕೇಂದ್ರ ಆಯವ್ಯಯವು ನಾಲ್ಕು ಮೀಟರು ಉದ್ದ ಮೀರದ, ಪೆಟ್ರೋಲಾದರೆ 1200 ಸಿ.ಸಿ. ಮೀರದ ಗಾಡಿಗಳಿಗೆ ಸುಂಕದಲ್ಲಿ ರಿಯಾಯಿತಿ ನೀಡಿತು. ಆ ಬಳಿಕ ತಯಾರಕರು ಸಣ್ಣ ಕಾರಿನ ಅಡಿಪಾಯದ ಮೇಲೆಯೇ ಎತ್ತರದ ಮೈಯನ್ನು ಕೂರಿಸಿ ನಾಲ್ಕು ಮೀಟರಿನೊಳಗಿನ ಎಸ್.ಯು.ವಿ.ಗಳನ್ನು ಹೊರತಂದರು. ಇವುಗಳಲ್ಲಿ ಬಹುಪಾಲು ಮುಂದಿನ ಎರಡು ಚಕ್ರಗಳಿಂದಲೇ ಓಡುವಂಥವು. ಕುಟುಂಬದ ಓಡಾಟಕ್ಕೆ ಇವು ಧಾರಾಳವಾಗಿ ಸಾಕು. ಕೆಸರುಗದ್ದೆ ದಾಟಿಸುವ ಸಾಹಸಕ್ಕೆ ಮಾತ್ರ ಸಾಲವು.

ಪೆಟ್ರೋಲೇ ಏಕೆ?

ಎಸ್.ಯು.ವಿ. ಎಂದರೆ ಡೀಸೆಲ್ ಎಂಬ ಕಾಲವೊಂದಿತ್ತು. 2016ರಲ್ಲಿ ಮಾರುತಿಯವರ ವಿಟಾರಾ ಬ್ರೆಜ್ಜಾ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಡೀಸೆಲ್ ಎಂಜಿನು ಮಾತ್ರ ಇತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್ 6ರ ಹೊಗೆ ನಿಯಮ ಜಾರಿಗೆ ಬಂದಾಗ ಆ ಸಂಸ್ಥೆ ಡೀಸೆಲ್ ಕಾರುಗಳ ತಯಾರಿಕೆಯನ್ನೇ ಕೈಬಿಟ್ಟಿತು, 1462 ಸಿ.ಸಿ.ಯ ಪೆಟ್ರೋಲು ಬ್ರೆಜ್ಜಾ ಹೊರಬಂದದ್ದು ಅದೇ ವರ್ಷದ ಫೆಬ್ರವರಿಯಲ್ಲಿ. ಆದುದರಿಂದ "ಇದು 2018ರ ಪೆಟ್ರೋಲು ಬ್ರೆಜ್ಜಾ" ಎಂದು ಯಾವ ದಲ್ಲಾಳಿಯಾದರೂ ಹೇಳಿದರೆ, ಅಲ್ಲಿಂದ ಎದ್ದುಬರುವುದೇ ಲೇಸು. ಅಂಥ ಗಾಡಿ ಆ ವರ್ಷ ತಯಾರಾಗಿಯೇ ಇರಲಿಲ್ಲ! ಹುಂಡೈ ಕ್ರೆಟಾ, ರೆನೋ ಡಸ್ಟರ್, ಫೋರ್ಡ್ ಇಕೋಸ್ಪೋರ್ಟ್, ಟಾಟಾ ನೆಕ್ಸಾನ್ ಮೊದಲಾದುವುಗಳಲ್ಲಿ ಪೆಟ್ರೋಲು ಎಂಜಿನು ಮೊದಲಿನಿಂದಲೂ ಉಂಟು.

ಲೆಕ್ಕಾಚಾರವೂ ಕಠಿಣವಲ್ಲ. ಉಪಾಧ್ಯಾಯರ ಓಟ ತಿಂಗಳಿಗೆ 800 ಕಿಲೋಮೀಟರು, ಅಂದರೆ ವರ್ಷಕ್ಕೆ 9,600. ಲೀಟರಿಗೆ 12 ಕಿಲೋಮೀಟರಿನಂತೆ 800 ಲೀಟರು ಬೇಕು. ಲೀಟರಿಗೆ 100 ರೂಪಾಯಿಯೆಂದು ಹಿಡಿದರೆ 80,000 ರೂಪಾಯಿ. ಡೀಸೆಲ್ ಗಾಡಿ ಲೀಟರಿಗೆ 16 ಕೊಟ್ಟು, ಡೀಸೆಲ್ ಬೆಲೆ 90 ಆದರೆ 54,000. ವರ್ಷದ ಉಳಿತಾಯ 26,000. ಆದರೆ ಅದೇ ಅಂತಸ್ತಿನ ಡೀಸೆಲ್ ಗಾಡಿಗೆ ಒಂದು ಲಕ್ಷ ಹೆಚ್ಚು ತೆರಬೇಕಾದರೆ, ಅದು ಮರಳಿ ಬರಲು ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಇಂಜೆಕ್ಟರು ಕೆಟ್ಟರೆ ಉಳಿತಾಯವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. 2020ರ ನಂತರದ ಡೀಸೆಲ್ ಗಾಡಿಗಳ ಹೊಗೆನಳಿಗೆಯಲ್ಲಿ ಮಸಿ ಹಿಡಿಯುವ ಜಾಲರಿಯೊಂದುಂಟು. ಮನೆಯಿಂದ ಶಾಲೆಗೆ, ಶಾಲೆಯಿಂದ ಸಂತೆಗೆ ಎಂಬ ಗಿಡ್ಡ ಓಟಗಳಲ್ಲಿ ಅದು ಕಟ್ಟಿಕೊಳ್ಳುತ್ತದೆ. ತಿಂಗಳಿಗೆ ಎರಡು ಸಾವಿರ ಕಿಲೋಮೀಟರು ಓಡುವವರಿಗೆ ಡೀಸೆಲ್ ಸರಿ. ಮೇಷ್ಟರಂಥವರಿಗೆ ಪೆಟ್ರೋಲೇ ಹಿತ.

ಪೆಟ್ರೋಲಿಗೂ ಈಗ ಒಂದು ತೊಡಕು ಸೇರಿದೆ. ಬಂಕಿನಲ್ಲಿ ದೊರೆಯುವ ಪೆಟ್ರೋಲಿಗೆ 2025ರ ಹೊತ್ತಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಯತೊಡಗಿತು. 2023ರ ಏಪ್ರಿಲ್‌ಗೆ ಹಿಂದಿನ ಗಾಡಿಗಳಲ್ಲಿ ಬಹುಪಾಲು ಶೇಕಡಾ 10ರ ಬೆರಕೆಗೆ ಹೊಂದಿಸಿದಂಥವು. ಹಳೆಯ ನಾಲ್ಕು ಚಕ್ರದ ಗಾಡಿಗಳಲ್ಲಿ ಮೈಲೇಜು ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಉಪಾಧ್ಯಾಯರ ಲೆಕ್ಕದಲ್ಲಿ ಇದು ವರ್ಷಕ್ಕೆ ಐದಾರು ಸಾವಿರದ ಹೆಚ್ಚುವರಿ ಖರ್ಚು. ಅದಕ್ಕಿಂತ ಮುಖ್ಯವಾದುದು, ಹಳೆಯ ರಬ್ಬರಿನ ಕೊಳವೆಗಳೂ ವಾಷರುಗಳೂ ಈ ಬೆರಕೆಯಿಂದ ಬೇಗ ಸವೆಯುವ ಸಂಭವ. ಬಾನೆಟ್ಟಿನ ಅಡಿಯಲ್ಲಿ ಪೆಟ್ರೋಲಿನ ವಾಸನೆ ಬಂದರೆ ಅದನ್ನು ಅಲ್ಪವೆಂದು ತಳ್ಳಿಹಾಕಲಾಗದು.

ಹೊಳಪಿನ ಹಿಂದೆ

ಉಪಾಧ್ಯಾಯರು ಮೊದಲು ನೋಡಿದ ಗಾಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ಮೀಟರಿನಲ್ಲಿ 42,000 ಕಿಲೋಮೀಟರು. ಬೆಲೆಯೋ, ನೆರೆಯ ಗಾಡಿಗಳಿಗಿಂತ ಎಂಬತ್ತು ಸಾವಿರ ಕಡಿಮೆ. ಮಕ್ಕಳು ಅದಾಗಲೇ ಕಿಟಕಿಯ ಪಕ್ಕದ ಜಾಗಕ್ಕಾಗಿ ಜಗಳ ಆರಂಭಿಸಿದ್ದರು. ಜತೆಗೆ ಬಂದಿದ್ದ ಮೆಕ್ಯಾನಿಕನು ಮಾತ್ರ ಹೊಳಪಿನತ್ತ ಕಣ್ಣೆತ್ತಲಿಲ್ಲ. ಮುಂದಿನ ಬಾಗಿಲು ತೆರೆದು, ಸೀಟಿನ ಬೆಲ್ಟನ್ನು ಪೂರ್ತಿಯಾಗಿ ಎಳೆದ. ಬೆಲ್ಟಿನ ಕಡೆಯ ಮೊಳದಲ್ಲಿ ಕಂದು ಬಣ್ಣದ ಗೆರೆ. ಹಿಂದಿನ ಸ್ಟೆಪ್ನಿ ಚಕ್ರವನ್ನು ಎತ್ತಿಸಿದ. ಅದರ ತಳದಲ್ಲಿ ಒಣಗಿದ ನಯವಾದ ಕೆಸರು.

"ಮೇಷ್ಟ್ರೇ, ಈ ಗಾಡಿ ನೀರು ಕುಡಿದಿದೆ. ಬನ್ನಿ, ಹೋಗೋಣ" ಎಂದ.

2015ರಲ್ಲಿ ಚೆನ್ನೈ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಗಳ ಆಸುಪಾಸು ಜಲಾವೃತವಾದಾಗ ನೆಲಮಾಳಿಗೆಗಳಲ್ಲಿ ನಿಂತ ಕಾರುಗಳೂ ಮುಳುಗಿದವು. ಇಂಥ ನೆರೆಗಳಲ್ಲಿ ನೆನೆದ ಗಾಡಿಯನ್ನು ತೊಳೆದು, ಒಣಗಿಸಿ, ಹೊಳಪು ಕೊಟ್ಟು ದೂರದ ಊರಿನಲ್ಲಿ ಮಾರುವುದುಂಟು. ಕೊಂಡ ದಿನ ಗಾಡಿ ಓಡುತ್ತದೆ. ತಂತಿಗಳ ಸಂದಿನಲ್ಲಿ ಹಿಡಿದ ತುಕ್ಕು ತಿಂಗಳುಗಳ ನಂತರ ಒಂದೊಂದಾಗಿ ಕೆಲಸ ಕೆಡಿಸುತ್ತದೆ. ಏರ್‌ಬ್ಯಾಗಿನ ತಂತಿಯೂ ಅವುಗಳಲ್ಲಿ ಒಂದಾಗಿರಬಹುದು ಎಂಬುದೇ ಭಯಂಕರ.

ಮೀಟರಿನ ಅಂಕಿಯನ್ನೂ ಕಣ್ಣುಮುಚ್ಚಿ ನಂಬಲಾಗದು. ಅದನ್ನು ಹಿಂದಕ್ಕೆ ತಿರುಗಿಸುವ ಕೈಚಳಕ ಬಹಳ ಜನಕ್ಕೆ ಗೊತ್ತು. ಆದರೆ ಕ್ಲಚ್ಚು, ಬ್ರೇಕುಗಳ ಪೆಡಲಿನ ರಬ್ಬರು, ಸ್ಟಿಯರಿಂಗಿನ ಹಿಡಿ, ಚಾಲಕನ ಆಸನದ ಅಂಚು ಇವು ಸುಳ್ಳಾಡಲಾರವು. ನಲವತ್ತು ಸಾವಿರ ಓಡಿದ ಗಾಡಿಯ ಪೆಡಲು ಸವೆದು ನುಣ್ಣಗಾಗಿದ್ದರೆ ಕಾರಣ ಕೇಳಲೇಬೇಕು. ಸರ್ವೀಸಿನ ರಸೀತಿಗಳಲ್ಲಿ ಪ್ರತಿ ಸಲದ ಓಟವೂ ನಮೂದಾಗಿರುತ್ತದೆ. ಹಿಂದಿನ ರಸೀತಿಯ ಅಂಕಿ ಇಂದಿನ ಮೀಟರಿಗಿಂತ ದೊಡ್ಡದಾಗಿದ್ದರೆ ಮೋಸ ಬಯಲಾದಂತೆಯೇ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳೂ ಮಾತನಾಡುತ್ತವೆ: 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು.

ಎಂಜಿನು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಕೊಳ್ಳುವವರು ಬರುವ ಮೊದಲೇ ಎಂಜಿನನ್ನು ಬಿಸಿ ಮಾಡಿಟ್ಟಿದ್ದರೆ ಅದರಲ್ಲೇನೋ ಗುಟ್ಟಿದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿರಬಹುದು. ಎಣ್ಣೆ ತುಂಬುವ ಮುಚ್ಚಳ ತೆಗೆದಾಗ ಹಾಲು ಬೆರೆಸಿದ ಕಾಫಿಯ ಬಣ್ಣದ ಜಿಡ್ಡು ಕಂಡರೂ ಅದೇ ಅನುಮಾನ. ಬಾನೆಟ್ಟಿನ, ಬಾಗಿಲಿನ ಬೋಲ್ಟುಗಳ ತಲೆಯಲ್ಲಿ ಬಣ್ಣ ಕಿತ್ತಿದ್ದರೆ ಅವನ್ನು ಯಾರೋ ಬಿಚ್ಚಿದ್ದಾರೆ. ಅಪಘಾತವೇ ಕಾರಣವೋ ಎಂದು ವಿಚಾರಿಸಬೇಕು.

ಇನ್ನು ಕುಟುಂಬದ ಗಾಡಿಯೆಂದ ಮೇಲೆ ರಕ್ಷಣೆಯ ಮಾತು. ಚಕ್ರಗಳು ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಮುಂದಿನ ಎರಡು ಆಸನಗಳಿಗೂ ಏರ್‌ಬ್ಯಾಗು ಕಡ್ಡಾಯವಾದದ್ದು 2022ರ ಆರಂಭದಲ್ಲಿ. ಅದಕ್ಕೂ ಹಿಂದಿನ ಗಾಡಿಗಳಲ್ಲಿ, ಅದರಲ್ಲಿಯೂ ಕಡಿಮೆ ಬೆಲೆಯ ಬಗೆಗಳಲ್ಲಿ, ಇವು ಇಲ್ಲದೆಯೇ ಇರಬಹುದು. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ನೆಕ್ಸಾನ್ 2018ರ ಡಿಸೆಂಬರಿನಲ್ಲಿ ಐದು ನಕ್ಷತ್ರ ಪಡೆದ ಮೇಲೆ ನಮ್ಮ ಜನ ಇಂಥ ವಿಷಯಗಳನ್ನು ವಿಚಾರಿಸತೊಡಗಿದರು. ಚರ್ಮದ ಹೊದಿಕೆಗಿಂತ, ಮಾಳಿಗೆಯ ಗಾಜಿಗಿಂತ ಈ ಎರಡನ್ನು ಮೊದಲು ಕೇಳುವುದು ತಂದೆತಾಯಿಗಳ ಕರ್ತವ್ಯ.

ಕಾಗದಪತ್ರಗಳ ಪುರಾಣ

ಗಾಡಿ ನಿರ್ದೋಷಿಯಾಗಿದ್ದರೂ ಕಾಗದಗಳು ಸದೋಷವಾಗಿರಬಹುದು. ಆರ್.ಸಿ. ಪುಸ್ತಕದ ಚಾಸಿ ಸಂಖ್ಯೆಯೂ ಎಂಜಿನು ಸಂಖ್ಯೆಯೂ ಗಾಡಿಯ ಮೇಲಿನ ಸಂಖ್ಯೆಗಳೊಡನೆ ಅಕ್ಷರಶಃ ಹೊಂದಬೇಕು. ಬ್ಯಾಂಕಿನ ಸಾಲದ ನಮೂದು ಇದ್ದರೆ, ಸಾಲ ತೀರಿದ ಪತ್ರವನ್ನೂ ಬ್ಯಾಂಕು ರುಜು ಮಾಡಿದ ಫಾರಂ 35ನ್ನೂ ಪಡೆಯದೆ ಹಣ ಕೊಡಬಾರದು. ಪೊಲೀಸರ ದಂಡ ಬಾಕಿಯಿದ್ದರೆ ಮಾರುವವರೇ ಕಟ್ಟಿ ರಸೀತಿ ತರಬೇಕು.

ಉತ್ತರದಿಂದ ಅಗ್ಗವಾಗಿ ಬರುವ ಗಾಡಿಗಳ ಆಕರ್ಷಣೆಯೂ ಒಂದುಂಟು. ದಿಲ್ಲಿಯ ಸುತ್ತಮುತ್ತ 15 ವರ್ಷ ಮೀರಿದ ಪೆಟ್ರೋಲು ಗಾಡಿಗಳ ಸಂಚಾರಕ್ಕೆ 2018ರಲ್ಲಿ ಸುಪ್ರೀಂ ಕೋರ್ಟು ತಡೆ ಒಡ್ಡಿದುದರಿಂದ ಅಲ್ಲಿನ ಹಳೆಯ ಗಾಡಿಗಳ ಬೆಲೆ ಕುಸಿಯಿತು. 2025ರಲ್ಲಿ ಆ ಕಟ್ಟು ಒಂದಿಷ್ಟು ಸಡಿಲವಾಯಿತು. ಆದರೆ ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗೆ ಮೀರಿ ಇಲ್ಲಿ ಇರಿಸಿಕೊಂಡರೆ ಕರ್ನಾಟಕದ ಹೊಸ ಸಂಖ್ಯೆ ಪಡೆಯಲೇಬೇಕು. ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಗಾಡಿಯ ಬೆಲೆ, ವಯಸ್ಸುಗಳಿಗೆ ತಕ್ಕಂತೆ ಇಲ್ಲಿನ ಆಜೀವ ತೆರಿಗೆಯನ್ನೂ ಕಟ್ಟಬೇಕು. ಇದೆಲ್ಲ ಸೇರಿದ ಮೇಲೆ ಅಗ್ಗ ಎಂಬುದು ಅಗ್ಗವಾಗಿ ಉಳಿಯುವುದು ಅಪರೂಪ.

ಎಲ್ಲಕ್ಕಿಂತ ದೊಡ್ಡ ಅಲಕ್ಷ್ಯ ಹೆಸರು ಬದಲಾಯಿಸುವುದರಲ್ಲಿ ನಡೆಯುತ್ತದೆ. "ಆಮೇಲೆ ಮಾಡಿಸಿಕೊಂಡರಾಯಿತು" ಎಂಬ ಮಾತು ಇಬ್ಬರಿಗೂ ಗಂಡಾಂತರ. ಹಲವರ ಕೈ ದಾಟಿ ಹೋಗಿದ್ದ ಕಾರೊಂದರ ಅಪಘಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸ್ಪಷ್ಟಪಡಿಸಿತು. ಎಂದೋ ಮಾರಿ ಮರೆತ ಗಾಡಿ ಹೀಗೆ ನ್ಯಾಯಾಲಯಕ್ಕೆ ಎಳೆದೊಯ್ಯಬಲ್ಲದು. ಕೊಂಡವರ ಪಾಡೂ ಸುಖವಲ್ಲ: ವಿಮೆ ಹಳೆಯ ಹೆಸರಿನಲ್ಲಿಯೇ ಇದ್ದರೆ, ತಮ್ಮ ಗಾಡಿ ಜಖಂ ಆದಾಗ ವಿಮಾ ಕಂಪನಿ ಹಣ ನಿರಾಕರಿಸಬಹುದು. ಫಾರಂ 29 ಮತ್ತು 30ಕ್ಕೆ ಮಾರುವವರ ರುಜು ಪಡೆದು, ಹಣ ಕೊಟ್ಟ ವಾರದಲ್ಲಿಯೇ ಅರ್ಜಿ ಸಲ್ಲಿಸಬೇಕು. ವಿಮೆಯ ವರ್ಗಾವಣೆಗೆ 14 ದಿನಗಳೊಳಗೆ ಬರೆದುಕೊಳ್ಳಬೇಕು. ಅಪಘಾತವಿಲ್ಲದ ವರ್ಷಗಳಿಗೆ ದೊರೆಯುವ ವಿಮಾ ರಿಯಾಯಿತಿ ಮಾತ್ರ ಹಳೆಯ ಮಾಲೀಕರ ಸೊತ್ತು. ಅದು ಗಾಡಿಯೊಡನೆ ಬರುವುದಿಲ್ಲ.

ಬೆಲೆ ಕಟ್ಟುವಾಗ ಹೊಸ ಗಾಡಿಯ ಇಂದಿನ ಬೆಲೆಯನ್ನು ತಿಳಿದಿರಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲು ಕಾರುಗಳ ಜಿ.ಎಸ್.ಟಿ. ಶೇಕಡಾ 18ಕ್ಕೆ ಇಳಿದು ಹೊಸವುಗಳ ಬೆಲೆ ತಗ್ಗಿತು. ಮಾರುವವರು ತಾವು ಕೊಂಡಾಗಿನ ಬೆಲೆಯಿಂದ ಲೆಕ್ಕ ಹಾಕಿದರೆ, ಕೊಳ್ಳುವವರು ಇಂದಿನ ಬೆಲೆಯಿಂದ ಲೆಕ್ಕ ಹಾಕುವುದು ನ್ಯಾಯ.

ಮನೆಗೆ ಬಂದ ಗಾಡಿ

ಉಪಾಧ್ಯಾಯರು ಐದು ಭಾನುವಾರ ಅಲೆದರು. ಆರನೆಯ ವಾರ ಅವರಿಗೆ ದೊರೆತ ಗಾಡಿ ಅಂಥ ಚೆಲುವೆಯಲ್ಲ. ಬಂಪರಿನ ಮೇಲೆ ಗೀರು, ಹಿಂದಿನ ಬಾಗಿಲಿನಲ್ಲಿ ಸಣ್ಣ ತಗ್ಗು, ಮೀಟರಿನಲ್ಲಿ 68,000. ನಿವೃತ್ತ ಅಧಿಕಾರಿಯೊಬ್ಬರದು. ಅವರು ದಪ್ಪನೆಯ ಕಡತವೊಂದನ್ನು ತಂದು ಮೇಜಿನ ಮೇಲಿಟ್ಟರು. ಮೊದಲ ಸರ್ವೀಸಿನಿಂದ ಕಳೆದ ತಿಂಗಳ ಬ್ಯಾಟರಿಯವರೆಗೆ ಪ್ರತಿಯೊಂದು ರಸೀತಿಯೂ ತಾರೀಕಿನ ಕ್ರಮದಲ್ಲಿ ಇತ್ತು. ಬಾಗಿಲಿನ ತಗ್ಗಿನ ಬಗ್ಗೆ ಕೇಳುವ ಮೊದಲೇ, "ಗೇಟಿಗೆ ನಾನೇ ತಾಗಿಸಿದ್ದು" ಎಂದರು. ಮೆಕ್ಯಾನಿಕನು ಒಂದು ಗಂಟೆ ಕಾಲ ಹುಡುಕಿ ಹೇಳಿದ್ದು ಇಷ್ಟೇ: "ಮುಂದಿನ ಬ್ರೇಕ್ ಪ್ಯಾಡು ಹಾಕಿಸಬೇಕು. ಉಳಿದದ್ದು ಸರಿಯಿದೆ, ಮೇಷ್ಟ್ರೇ."

ಬಯಾನ ಕೊಡುವ ಮೊದಲು ಉಪಾಧ್ಯಾಯರು ತಾಯಿಯನ್ನು ಕರೆತಂದು ಕೂರಿಸಿದರು. ಆ ವೃದ್ಧೆ ಬಾಗಿಲಿನ ಹಿಡಿ ಹಿಡಿದು, ಯಾರ ಕೈಯಾಸರೆಯೂ ಇಲ್ಲದೆ ಆಸನಕ್ಕೆ ಸರಿದು ಕುಳಿತರು. ಮತ್ತೆ ತಾವೇ ಇಳಿದರು. ಆ ಪರೀಕ್ಷೆಯೂ ಮುಗಿದ ಮೇಲೆಯೇ ವ್ಯವಹಾರ ಕುದುರಿದ್ದು.

ಹಳೆಯ ಗಾಡಿಯನ್ನು ಕೊಳ್ಳುವವರು ಕಬ್ಬಿಣವನ್ನೂ ಬಣ್ಣವನ್ನೂ ಮಾತ್ರ ಕೊಳ್ಳುವುದಿಲ್ಲ; ಹಿಂದಿನ ಯಜಮಾನರ ನಡತೆಯನ್ನೂ ಕೊಳ್ಳುತ್ತಾರೆ. ಕಾಲಕ್ಕೆ ಸರಿಯಾಗಿ ಎಣ್ಣೆ ಬದಲಿಸಿದವರ ಗಾಡಿ ಗೀರು ಬಿದ್ದಿದ್ದರೂ ಬಾಳುತ್ತದೆ. ಅಲಕ್ಷ್ಯ ಮಾಡಿದವರದು ಎಷ್ಟು ಹೊಳೆದರೂ ನಡುದಾರಿಯಲ್ಲಿ ಕೈಕೊಡುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಜಾತ್ರೆಯ ರೈತನಿಗೆ ಗೊತ್ತಿತ್ತು. ಹಲ್ಲು ನೋಡಿ, ನಡೆಸಿ ನೋಡಿ, ಆಮೇಲೆ ಬೆರಳು ಹಿಡಿಯುವ ಆ ಹಿರಿಯನ ಕ್ರಮ ಇಂದಿಗೂ ಹಳತಾಗಿಲ್ಲ.