ಮಾಲೀಕನ ದುಡ್ಡು, ಲೀಗಿನ ಲೆಕ್ಕ

ಪ್ರಶ್ನೆ: ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಕ್ಲಬ್ಬಿನ ಮಾಲೀಕ ಸ್ವಂತ ದುಡ್ಡು ಸುರಿದು ಆಟಗಾರರನ್ನು ಕೊಂಡರೆ ತಂಡದ ಅಂಕ ಕತ್ತರಿಸುವುದೇಕೆ?

ಉತ್ತರ: ಮಾಲೀಕ ಕೈಯೆತ್ತಿದ ದಿನ ಕ್ಲಬ್ಬೇ ಮುಳುಗುತ್ತದೆಂಬ ಭಯಕ್ಕೆ. 2010ರಲ್ಲಿ ಪೋರ್ಟ್ಸ್‌ಮತ್ ಸಾಲದಲ್ಲಿ ಸಿಕ್ಕಿ 9 ಅಂಕ ಕಳೆದುಕೊಂಡು ಕೆಳಗಿನ ದರ್ಜೆಗೆ ಇಳಿಯಿತು. ಆಮೇಲೆ ಪ್ರೀಮಿಯರ್ ಲೀಗ್ ಕ್ಲಬ್ಬುಗಳು ತಾವೇ ಒಪ್ಪಿಕೊಂಡು 2025–26ರ ಋತುವಿನವರೆಗೆ ಪಾಲಿಸಿದ ನಿಯಮ: ಮೂರು ವರ್ಷಗಳ ನಷ್ಟ 10.5 ಕೋಟಿ ಪೌಂಡ್ ದಾಟಬಾರದು. ಯುವ ಅಕಾಡೆಮಿ, ಮಹಿಳಾ ತಂಡದ ಖರ್ಚು ಇದರಲ್ಲಿ ಸೇರುತ್ತಿರಲಿಲ್ಲ.

ಇದನ್ನು ಮೀರಿದ ಎವರ್ಟನ್‌ಗೆ 2023ರ ನವೆಂಬರಿನಲ್ಲಿ 10 ಅಂಕ ಖೋತಾ ಆಯಿತು; ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನದು ಇನ್ನೂ ಸ್ವಾರಸ್ಯ. ಜೂನ್ 30ಕ್ಕೆ ಲೆಕ್ಕ ಮುಗಿಯುತ್ತಿತ್ತು. ಒಳ್ಳೆಯ ಬೆಲೆಗೆ ಕಾದ ಕ್ಲಬ್ಬು, ತಾನೇ ಬೆಳೆಸಿದ ಬ್ರೆನನ್ ಜಾನ್ಸನ್‌ನನ್ನು ಸೆಪ್ಟೆಂಬರಿನಲ್ಲಿ ಟಾಟನ್‌ಹ್ಯಾಮ್‌ಗೆ ಮಾರಿತು. ಹೆಚ್ಚು ದುಡ್ಡೇನೋ ಬಂತು, ಗಡುವು ಹೋಗಿತ್ತು. 4 ಅಂಕ ಕಡಿತ!

ತಾನೇ ಬೆಳೆಸಿದವನನ್ನು ಮಾರುವುದೇಕೆ? ಕೊಂಡ ಆಟಗಾರನ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತಾರೆ. ಅಕಾಡೆಮಿ ಹುಡುಗನಿಗೆ ಲೆಕ್ಕದ ಪುಸ್ತಕದಲ್ಲಿ ಬೆಲೆಯೇ ಇಲ್ಲ. ಮಾರಿದರೆ ಬಂದದ್ದೆಲ್ಲ ಲಾಭ. ಹಾಗಾಗಿ ನಷ್ಟ ತೂಗಿಸಬೇಕಾದಾಗ ಮೊದಲು ಕಣ್ಣು ಬೀಳುವುದು ಮನೆಮಕ್ಕಳ ಮೇಲೆ. ಚೆಲ್ಸಿಯಂತೂ ತನ್ನ ಎರಡು ಹೋಟೆಲುಗಳನ್ನು ಸೋದರ ಕಂಪನಿಗೇ ಮಾರಿ ಲೆಕ್ಕ ಸರಿದೂಗಿಸಿತು. ಜಾಣತನವೆನ್ನಿ, ಇನ್ನೇನಾದರೂ ಎನ್ನಿ.

ಇದರಿಂದ ಪೈಪೋಟಿ ಸಮವಾಯಿತೇ? ನನ್ನ ಮಟ್ಟಿಗೆ ಇಲ್ಲ. ಮಿತಿಯಿದ್ದದ್ದು ನಷ್ಟಕ್ಕೆ, ಖರ್ಚಿಗಲ್ಲ. ಆದಾಯ ದೊಡ್ಡದಿರುವ ಮ್ಯಾಂಚೆಸ್ಟರ್ ಯುನೈಟೆಡ್‌ನಂಥ ಕ್ಲಬ್ಬು ಸಣ್ಣ ಕ್ಲಬ್ಬಿಗಿಂತ ಎಷ್ಟೋ ಪಟ್ಟು ಹೆಚ್ಚು ಸಂಬಳ ಕೊಟ್ಟೂ ನಿಯಮದೊಳಗೇ ಇರಬಹುದಿತ್ತು.